ಪರದೇಶಿ ಬರೆದ ಚರಿತ್ರೆ

ನಮ್ಮ ಗೊಳಸಂಗಿಯ ಕಡೆ ‘ಪರದೇಶಿ’ ಎಂಬ ಮಾತು ಕಿವಿಗೆ ಬಿದ್ದರೆ ಬೇರೆ ದೇಶದವನು ಎಂಬ ಅರ್ಥ ಮೊದಲು ಹೊಳೆಯುವುದಿಲ್ಲ. ತಾಯಿತಂದೆಯಿಲ್ಲದ ಕೂಸನ್ನು, ದಿಕ್ಕು ತಪ್ಪಿ ಅಂಗಳಕ್ಕೆ ಬಂದು ನಿಂತ ಮುದುಕನನ್ನು ಕಂಡಾಗ ನಮ್ಮ ಅಜ್ಜಿ, “ಪಾಪ, ಪರದೇಶಿ ಐತಿ, ಒಂದ ರೊಟ್ಟಿ ಕೊಡ್ರಿ” ಎನ್ನುತ್ತಿದ್ದಳು. ದೇಶ ಬಿಟ್ಟವನೂ ದಿಕ್ಕಿಲ್ಲದವನೂ ಜನದ ಬಾಯಲ್ಲಿ ಒಂದೇ ಆಗಿಬಿಟ್ಟಿದ್ದಾರೆ. ಇಂಥದೇ ಇನ್ನೊಂದು ಮಾತು ‘ಗರೀಬ’. ಅರಬ್ಬಿಯಲ್ಲಿ ಅದಕ್ಕೆ ಅಪರಿಚಿತ, ಹೊರನಾಡಿನವ ಎಂದು ಅರ್ಥ. ದಖ್ಖನಿನ ಸುಲ್ತಾನರ ಕಾಲದಲ್ಲಿ ಇರಾನದಿಂದಲೂ ಅರಬಸ್ತಾನದಿಂದಲೂ ಬಂದವರನ್ನು ಇದೇ ಹೆಸರಿನಿಂದ ಕರೆಯುತ್ತಿದ್ದರು. ಈ ದಿನ ನಮ್ಮ ಸಂತೆಯಲ್ಲಿ ಗರೀಬನೆಂದರೆ ಬಡವ. ನೆಲ ಬಿಟ್ಟು ಬಂದವನ ಪಾಡು ಏನಾಗುತ್ತದೆ ಎಂಬುದನ್ನು ಈ ಎರಡು ಶಬ್ದಗಳು ಯಾವ ಚರಿತ್ರೆಕಾರನ ನೆರವೂ ಇಲ್ಲದೆ ತಾವೇ ಹೇಳುತ್ತಿವೆ.

ಈ ಎರಡೂ ಹೆಸರುಗಳಿಗೆ ಪಾತ್ರನಾದ ಒಬ್ಬ ತರುಣನ ವಿಷಯವನ್ನು ಇಂದು ತಮ್ಮ ಮುಂದಿಡಬೇಕೆಂದು ನನ್ನ ಇಚ್ಛೆ. ಆತ ಜೀವ ಉಳಿಸಿಕೊಳ್ಳಲು ವಿಜಾಪುರಕ್ಕೆ ಓಡಿಬಂದದ್ದು ೧೫೮೯ರಲ್ಲಿ. ಊರಿನ ಹೆಸರು ಕಾಗದಪತ್ರಗಳಲ್ಲಿ ವಿಜಯಪುರವೆಂದಾಗಿದ್ದರೂ ನನ್ನ ನಾಲಗೆ ಹಳೆಯದನ್ನೇ ನುಡಿಯುತ್ತದೆ, ಕೇಳುಗರು ಕ್ಷಮಿಸಬೇಕು. ಅವನ ಹೆಸರು ಮಹಮ್ಮದ್ ಕಾಸಿಮ್ ಹಿಂದೂ ಶಾ. ಕಾವ್ಯನಾಮ ಫೆರಿಸ್ತಾ, ಎಂದರೆ ದೇವದೂತ. ನಮ್ಮಲ್ಲಿ ಇತಿಹಾಸ ಓದಿದವರೆಲ್ಲ ‘ಫೆರಿಸ್ತಾ ಹೀಗೆನ್ನುತ್ತಾನೆ’ ಎಂಬ ವಾಕ್ಯವನ್ನು ಪಠ್ಯಪುಸ್ತಕಗಳಲ್ಲಿ ಓದಿದವರೇ. ಆ ‘ಎನ್ನುತ್ತಾನೆ’ಯ ಹಿಂದೆ ಮನೆ ಕಳೆದುಕೊಂಡ ಒಬ್ಬ ಹುಡುಗನಿದ್ದ ಎಂಬುದು ಮಾತ್ರ ನಮ್ಮ ಲಕ್ಷ್ಯಕ್ಕೆ ಬಂದಿಲ್ಲ.

ಅವನು ಹುಟ್ಟಿದ್ದು ಇರಾನದ ಅಸ್ತ್ರಾಬಾದಿನಲ್ಲಿ. ಕ್ಯಾಸ್ಪಿಯನ್ ಸಮುದ್ರದ ಆಗ್ನೇಯಕ್ಕಿರುವ ಆ ಪಟ್ಟಣಕ್ಕೆ ಈಗ ಗೋರ್ಗಾನ್ ಎಂದು ಹೆಸರು. ಅವನ ಗ್ರಂಥವನ್ನು ಇಂಗ್ಲಿಷಿಗೆ ತಂದ ಜಾನ್ ಬ್ರಿಗ್ಸ್ ಅವನ ಜನ್ಮವನ್ನು ೧೫೭೦ರ ಸುಮಾರಿಗೆ ಇಡುತ್ತಾನೆ. ಇನ್ನೂ ಚಿಕ್ಕವನಿದ್ದಾಗಲೇ ತಂದೆ ಗುಲಾಮ್ ಅಲಿ ಹಿಂದೂ ಶಾ ಅವನನ್ನು ಕರೆದುಕೊಂಡು ಅಹಮದನಗರಕ್ಕೆ ಬಂದ. ಅಲ್ಲಿಯ ನಿಜಾಮಶಾಹಿ ರಾಜಕುಮಾರ ಮೀರಾನ್ ಹುಸೇನನಿಗೆ ಪರ್ಶಿಯನ್ ಕಲಿಸುವ ಕೆಲಸ ತಂದೆಗೆ ದೊರೆಯಿತು. ಮಗನೂ ರಾಜಕುಮಾರನ ಜೊತೆ ಓದಿದ. ತಂದೆ ಬಹುಕಾಲ ಬದುಕಲಿಲ್ಲವೆಂದು ಬ್ರಿಗ್ಸ್ ಊಹಿಸುತ್ತಾನೆ. ಆ ಊಹೆ ನಿಜವಾದರೆ, ನಮ್ಮ ಅಜ್ಜಿಯ ಅರ್ಥದಲ್ಲಿಯೂ ಹುಡುಗ ಪರದೇಶಿಯೇ ಆದ.

ಆ ಕಾಲದ ದಖ್ಖನವನ್ನು ನಾವು ಒಂದು ಧರ್ಮಶಾಲೆಯಂತೆ ಕಲ್ಪಿಸಿಕೊಳ್ಳಬಾರದು. ದಾಭೋಳ, ಚೌಲ, ಗೋವೆಗಳ ಬಂದರಿಗೆ ಅರಬಿ ಕುದುರೆಗಳ ಜೊತೆಗೆ ಪಂಡಿತರು, ವೈದ್ಯರು, ಸೈನಿಕರು, ವರ್ತಕರು ಬಂದು ಇಳಿಯುತ್ತಿದ್ದರು. ಅವರಿಗೆ ‘ಆಫಾಕಿ’, ಎಂದರೆ ದಿಗಂತದಿಂದ ಬಂದವರು, ಎಂಬ ಚೆಲುವಾದ ಹೆಸರೂ ಇತ್ತು. ಆದರೆ ಮೊದಲೇ ನೆಲೆನಿಂತ ದಖ್ಖನಿಗಳಿಗೂ ಈ ಹೊಸಬರಿಗೂ ಹುದ್ದೆ ಜಹಗೀರುಗಳ ವಿಷಯವಾಗಿ ಬಹಮನಿಗಳ ಕಾಲದಿಂದ ಮಾಸದ ವೈರ. ಕ್ಯಾಸ್ಪಿಯನ್ ತೀರದ ಗಿಲಾನಿನಿಂದಲೇ ಬಂದು ಬೀದರಿನ ಮಂತ್ರಿಯಾಗಿ, ೧೪೭೨ರಲ್ಲಿ ಅಲ್ಲಿ ಮದರಸ ಕಟ್ಟಿಸಿದ ಮಹಮೂದ್ ಗವಾನನನ್ನು ೧೪೮೧ರಲ್ಲಿ ಒಂದು ಖೋಟಾ ಪತ್ರದ ನೆವದಿಂದ ಕೊಲ್ಲಿಸಿದರು. ಆ ಕೊಲೆಯ ಮೂಲವೂ ಇದೇ ವೈರ. ಧರ್ಮದಲ್ಲಿ ಸುನ್ನಿ ಶಿಯಾ ಭೇದ, ಮಾತಿನಲ್ಲಿ ಪರ್ಶಿಯನ್ ದಖ್ಖನಿ ಭೇದ ಇದಕ್ಕೆ ಎಣ್ಣೆ ಎರೆಯುತ್ತಿದ್ದವು. ಹೊಸಬನೊಬ್ಬನಿಗೆ ಆಶ್ರಯ ಸಿಕ್ಕುತ್ತಿತ್ತು, ನಿಜ. ಆದರೆ ಅದು ಯಾವ ದಿನ ಕಳಚಿ ಬೀಳುವುದೋ ಹೇಳುವಂತಿರಲಿಲ್ಲ.

ಅಹಮದನಗರದಲ್ಲಿ ಅದು ಕಳಚಿ ಬಿದ್ದದ್ದು ಹೀಗೆ. ೧೫೮೮ರಲ್ಲಿ ರಾಜಕುಮಾರ ಮೀರಾನ್ ಹುಸೇನನು ತಂದೆ ಮುರ್ತುಜಾ ನಿಜಾಮ ಶಾಹನ ಮೇಲೆ ಬಿದ್ದ. ಫೆರಿಸ್ತಾ ಆಗ ಅರಮನೆಯ ಕಾವಲು ಪಡೆಯಲ್ಲಿ ನಾಯಕ. ಹದಿನೆಂಟು ಹತ್ತೊಂಬತ್ತರ ಹರೆಯ. ನುಗ್ಗಿ ಬಂದವರು ಕತ್ತಿ ಎತ್ತಿದಾಗ ರಾಜಕುಮಾರ ತನ್ನ ಸಹಪಾಠಿಯ ಗುರುತು ಹಿಡಿದು ಬಿಡಿಸಿದ. ಒಟ್ಟಿಗೆ ಓದಿದ್ದೊಂದೇ ಅವನ ತಲೆ ಕಾಯ್ದದ್ದು. ಮುರ್ತುಜಾ ಮಗನ ಕೈಯಿಂದಲೇ ಸತ್ತ. ವರ್ಷ ಕಳೆಯುವುದರೊಳಗೆ ಆ ಮಗನೂ ತನ್ನ ಮಂತ್ರಿಯ ಪಕ್ಷದವರಿಂದ ಹತನಾದ. ಮಂತ್ರಿ ಪರದೇಶಿಗಳ ಪಕ್ಷದವನು. ಇಷ್ಟು ಸಾಕಾಯಿತು. ಜಮಾಲ್ ಖಾನನೆಂಬ ಸರದಾರನ ಮುಂದಾಳ್ತನದಲ್ಲಿ ದಖ್ಖನಿಗಳ ಸೈನ್ಯವೂ ಊರ ಜನವೂ ಎದ್ದು ಕೋಟೆಯನ್ನು ಹಿಡಿದರು. ಮಂತ್ರಿಯ ಅಪರಾಧಕ್ಕೆ ಇಡೀ ಪರದೇಶಿ ಸಮುದಾಯ ತಲೆ ಕೊಡಬೇಕಾಯಿತು. ದಿನಗಟ್ಟಲೆ ಬೀದಿಗಳಲ್ಲಿ ಹುಡುಕಿ ಹುಡುಕಿ ಕೊಂದರು. ಒಬ್ಬನ ಮಾತಿನ ಧಾಟಿ, ಪೇಟದ ಸುತ್ತು ಅವನ ಮರಣಕ್ಕೆ ಸಾಕ್ಷಿಯಾಗುವಂಥ ಕಾಲ. ಬದುಕಿ ಉಳಿದವರು ಹೊರಬಿದ್ದರು. ಆ ಗುಂಪಿನಲ್ಲಿ ಫೆರಿಸ್ತಾ ದಕ್ಷಿಣಕ್ಕೆ ಬಂದ. ಅವನನ್ನು ಕತ್ತಿಯಿಂದ ಕಾಪಾಡಿದ ಗೆಳೆಯನೂ ಆಗ ಇರಲಿಲ್ಲ.

ಅವನು ಕಂಡ ವಿಜಾಪುರದಲ್ಲಿ ಗೋಳಗುಮ್ಮಟವಿರಲಿಲ್ಲ, ಇಬ್ರಾಹಿಮ್ ರೋಜಾ ಇರಲಿಲ್ಲ. ಆದರೆ ಒಂದನೆಯ ಅಲಿ ಆದಿಲಶಾಹನು ೧೫೬೫ರ ವೇಳೆಗೆ ಮುಗಿಸಿದ ಸುತ್ತುಗೋಟೆ ಇತ್ತು, ಗಗನಮಹಲು ಇತ್ತು, ಜಾಮಿ ಮಸೀದಿಯ ಕಮಾನುಗಳು ಎದ್ದಿದ್ದವು. ಈ ಊರೂ ಪರದೇಶಿಗಳನ್ನು ಯಾವಾಗಲೂ ಅಪ್ಪಿಕೊಂಡ ಊರಲ್ಲ. ಒಂದನೆಯ ಇಬ್ರಾಹಿಮನು (೧೫೩೪-೧೫೫೮) ಅವರಲ್ಲಿ ಬಹುಪಾಲು ಜನರನ್ನು ಸೈನ್ಯದಿಂದ ಬಿಡಿಸಿ, ಲೆಕ್ಕಪತ್ರಗಳನ್ನು ಪರ್ಶಿಯನ್ನಿನಿಂದ ದೇಶಭಾಷೆಗೆ ತಂದು ಬ್ರಾಹ್ಮಣ ಕರಣಿಕರ ಕೈಗೆ ಕೊಟ್ಟಿದ್ದ. ಅದನ್ನು ಬರೆದಿಟ್ಟವನೂ ಫೆರಿಸ್ತಾನೇ. ೧೫೮೯ರಲ್ಲಿ ರಾಜ್ಯದ ಸೂತ್ರ ದಿಲಾವರ್ ಖಾನನೆಂಬ ಹಬಶಿ ಸರದಾರನ ಕೈಯಲ್ಲಿತ್ತು. ಅವನು ಸುನ್ನಿ, ಬಂದವನು ಶಿಯಾ. ಆದರೂ ದಿಲಾವರ್ ಖಾನನೇ ಹುಡುಗನನ್ನು ದೊರೆಯ ಮುಂದೆ ನಿಲ್ಲಿಸಿದ. ದೊರೆ ಎರಡನೆಯ ಇಬ್ರಾಹಿಮ್ ಆದಿಲಶಾಹ ಒಂಬತ್ತನೆಯ ವಯಸ್ಸಿಗೆ ಪಟ್ಟವೇರಿದವನು, ಅಂದಿಗೆ ಹತ್ತೊಂಬತ್ತರ ಆಸುಪಾಸಿನವನು. ಹೆಸರಿಗೆ ದೊರೆ, ನಿಜದಲ್ಲಿ ಮಂತ್ರಿಯ ಹಿಡಿತದಲ್ಲಿದ್ದವನು. ತನ್ನದೆಂಬ ಊರಿಲ್ಲದ ಒಬ್ಬ ತರುಣ, ತನ್ನದಾದರೂ ಕೈಗೆ ಬಾರದ ಊರಿನ ಇನ್ನೊಬ್ಬ ತರುಣನ ಮುಂದೆ ನಿಂತಿದ್ದ.

ಮೊದಲ ದಿನಗಳು ಸುಖದವಲ್ಲ. ಗೊತ್ತಿದ್ದದ್ದು ಸಿಪಾಯಿತನ, ಅದನ್ನೇ ಹಿಡಿದ. ಕೆಲವೇ ತಿಂಗಳಲ್ಲಿ ಜಮಾಲ್ ಖಾನನ ಮೇಲೆ ನಡೆದ ಯುದ್ಧದಲ್ಲಿ ಗಾಯಗೊಂಡು, ಯಾರಿಂದ ತಪ್ಪಿಸಿಕೊಂಡು ಬಂದಿದ್ದನೋ ಅವರದೇ ಸೆರೆಗೆ ಬಿದ್ದ. ಉಪಾಯದಿಂದ ಪಾರಾಗಿ ಮತ್ತೆ ವಿಜಾಪುರಕ್ಕೆ ಬಂದ. ಒಂದು ಊರಿಗೆ ಎರಡು ಸಲ ನಿರಾಶ್ರಿತನಾಗಿ ಬಂದವನು ಅವನು. ಮೊದಲ ಸಲ ಅವನಿಗೆ ಬೇರೆ ದಾರಿ ಇರಲಿಲ್ಲ. ಎರಡನೆಯ ಸಲ ಬಂದದ್ದು ಹಿಂದಿರುಗಿ ಬಂದದ್ದು. ‘ಹಿಂದಿರುಗು’ ಎಂಬ ಮಾತು ಸಲ್ಲುವ ಊರೇ ಮನುಷ್ಯನ ಊರೆಂದು ತೋರುತ್ತದೆ.

೧೫೯೦ರಲ್ಲಿ ಇಬ್ರಾಹಿಮನು ದಿಲಾವರ್ ಖಾನನ ಹಿಡಿತದಿಂದ ಬಿಡಿಸಿಕೊಂಡ. ಮೂರು ವರ್ಷಗಳ ತರುವಾಯ, ೧೫೯೩ರಲ್ಲಿ, ಫೆರಿಸ್ತಾನ ಬಾಳಿನ ದಿಕ್ಕು ತಿರುಗಿತು. ಹೆರಾತಿನ ಮೀರ್ ಖ್ವಾಂದನು ಬರೆದ ‘ರೌಜತ್-ಉಸ್-ಸಫಾ’ ಎಂಬ ಜಗತ್ಚರಿತ್ರೆಯ ಪ್ರತಿಯೊಂದನ್ನು ದೊರೆ ಅವನ ಕೈಗಿತ್ತು, ಹಿಂದೂಸ್ಥಾನದ ಎಲ್ಲ ರಾಜ್ಯಗಳನ್ನೂ ಒಳಗೊಂಡ ಚರಿತ್ರೆ ಇನ್ನೂ ಹುಟ್ಟಿಲ್ಲ, ದಖ್ಖನಿಗೆ ಸಮನಾದ ಸ್ಥಾನವಿರುವಂಥದೊಂದನ್ನು ನೀನು ಬರೆ ಎಂದ. ಇದರಲ್ಲಿ ಒಂದು ಸ್ವಾರಸ್ಯವಿದೆ. ೧೬೦೪ರ ಸುಮಾರಿಗೆ ವಿಜಾಪುರಕ್ಕೆ ಬಂದ ಮೊಗಲ ರಾಯಭಾರಿ ಅಸದ್ ಬೇಗನು, ಈ ದೊರೆಗೆ ಪರ್ಶಿಯನ್ ಅರ್ಥವಾದರೂ ಮಾತು ತಡೆಯುತ್ತದೆ, ಮರಾಠಿಯೇ ಸರಾಗ ಎಂದು ಬರೆದಿದ್ದಾನೆ. ಇದೇ ದೊರೆ ‘ಕಿತಾಬ್-ಎ-ನವರಸ’ವನ್ನು ದಖ್ಖನಿಯಲ್ಲಿ ಬರೆದು ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದವನು, ‘ಜಗದ್ಗುರು’ ಎನಿಸಿಕೊಂಡವನು. ತನಗೆ ಸರಾಗವಲ್ಲದ ಭಾಷೆಯಲ್ಲಿ ತನ್ನ ನಾಡಿನ ಚರಿತ್ರೆ ಬರೆಯಲು, ನಾಡಿನವನಲ್ಲದ ಒಬ್ಬನನ್ನು ಅವನು ಆರಿಸಿಕೊಂಡ. ಅನ್ನ ಅರಿವೆ ಕೊಟ್ಟು ಸುಮ್ಮನಾಗಿದ್ದರೂ ಅದು ಆಶ್ರಯವೇ ಆಗುತ್ತಿತ್ತು. ಅವನು ಅಷ್ಟಕ್ಕೆ ನಿಲ್ಲದೆ, ಬಂದವನಿಂದ ಒಂದನ್ನು ಬೇಡಿದ.

ಬೇಡಿದ್ದಕ್ಕೆ ಉತ್ತರವಾಗಿ ಆ ಸಿಪಾಯಿ ವಿದ್ಯಾರ್ಥಿಯಾದ. ಮೂವತ್ತಕ್ಕೂ ಮಿಕ್ಕಿದ ಗ್ರಂಥಗಳನ್ನು ಕಲೆಹಾಕಿ ಓದಿದ. ಪೀಠಿಕೆಯಲ್ಲಿ ಮಹಾಭಾರತದ ಕಥೆಯನ್ನು, ಹಿಂದೂಗಳ ನಂಬಿಕೆಗಳನ್ನು, ಪ್ರಾಚೀನ ರಾಜರ ವೃತ್ತಾಂತವನ್ನು ಸಂಗ್ರಹಿಸಿ ಕೊಟ್ಟ. ಅನಂತರ ಹನ್ನೆರಡು ಭಾಗಗಳು: ಘಜನಿಯವರಿಂದ ಹಿಡಿದು ದೆಹಲಿ, ದಖ್ಖನ, ಗುಜರಾತ, ಮಾಳವ, ಖಾನದೇಶ, ಬಂಗಾಲ, ಮುಲ್ತಾನ, ಸಿಂಧ, ಕಾಶ್ಮೀರ, ಮಲಬಾರ, ಕೊನೆಗೆ ಸಂತರು. ಮುಕ್ತಾಯದಲ್ಲಿ ಈ ದೇಶದ ನೆಲ ಹವೆಗಳ ವರ್ಣನೆ. ೧೬೦೬ರ ಸುಮಾರಿಗೆ ಒಂದು ರೂಪಕ್ಕೆ ಬಂದ ಗ್ರಂಥವನ್ನು ಆಮೇಲೂ ತಿದ್ದುತ್ತ ಬೆಳೆಸುತ್ತ ಹೋದ. ಅದಕ್ಕೆ ‘ಗುಲ್ಶನ್-ಎ-ಇಬ್ರಾಹಿಮಿ’ ಎಂದು ಹೆಸರು. ಇದಲ್ಲದೆ ಈ ದೇಶದ ವೈದ್ಯಶಾಸ್ತ್ರವನ್ನು ಕುರಿತು ಪರ್ಶಿಯನ್ನಿನಲ್ಲಿ ‘ದಸ್ತೂರ್-ಉಲ್-ಅತಿಬ್ಬಾ’ ಎಂಬ ಗ್ರಂಥವನ್ನೂ ರಚಿಸಿದ. ಹೊಸ ನೆಲಕ್ಕೆ ಹೊಂದಿಕೊಳ್ಳುವುದೆಂದರೆ ಉಡುಗೆ ಬದಲಿಸುವುದು, ಊಟ ಬದಲಿಸುವುದು ಎಂದು ನಾವು ತಿಳಿಯುತ್ತೇವೆ. ಈ ನೆಲದ ರೋಗಕ್ಕೆ ಈ ನೆಲದ ಮದ್ದೇನು, ಈ ಜನ ತಮ್ಮ ಪೂರ್ವಿಕರ ವಿಷಯದಲ್ಲಿ ಏನು ನೆನೆಯುತ್ತಾರೆ ಎಂದು ಕೇಳಿ ತಿಳಿಯುವುದು ಅದಕ್ಕಿಂತ ಒಳಗಿನ ಹೊಂದಿಕೆ.

ಈಗ ನಾನು ಒಂದು ತಪ್ಪೊಪ್ಪಿಗೆ ಮಾಡಬೇಕು. ಆದಿಲಶಾಹಿಯ ಮೂಲಪುರುಷ ಯೂಸುಫನ ಬಗ್ಗೆ ಫೆರಿಸ್ತಾ ಒಂದು ಕಥೆ ಹೇಳಿದ್ದಾನೆ. ೧೪೫೧ರಲ್ಲಿ ತುರ್ಕಿಯ ಸುಲ್ತಾನ ಎರಡನೆಯ ಮುರಾದ ತೀರಿಕೊಂಡ. ಪಟ್ಟಕ್ಕೆ ಬಂದ ಹಿರಿಯ ಮಗನು ವಂಶದ ವಾಡಿಕೆಯಂತೆ ತಮ್ಮನನ್ನು ಕೊಲ್ಲಿಸಬೇಕೆಂದಾಗ, ತಾಯಿ ಒಂದು ದಿನದ ಅವಧಿ ಬೇಡಿದಳು. ಸಾವಾ ಪಟ್ಟಣದ ಒಬ್ಬ ವರ್ತಕನಿಂದ ಮಗನನ್ನೇ ಹೋಲುವ ಗುಲಾಮ ಹುಡುಗನನ್ನು ಕೊಂಡು ಅವನ ಸ್ಥಾನದಲ್ಲಿಟ್ಟಳು. ನಿಜವಾದ ಕೂಸನ್ನು ವರ್ತಕ ಇರಾನಕ್ಕೆ ಸಾಗಿಸಿ ತನ್ನ ಮಕ್ಕಳ ಜೊತೆ ಬೆಳೆಸಿದ. ಹದಿನಾರರ ಹರೆಯದಲ್ಲಿ ಅಲ್ಲಿಯೂ ನೆಲೆ ತಪ್ಪಿ, ಊರಿಂದೂರಿಗೆ ಅಲೆದು, ಹಿಂದೂಸ್ಥಾನಕ್ಕೆ ಹೋಗೆಂದು ಕನಸಿನಲ್ಲಿ ಅಪ್ಪಣೆಯಾಗಿ, ಹಡಗು ಹತ್ತಿ ದಾಭೋಳದಲ್ಲಿ ಇಳಿದು, ಬೀದರಿಗೆ ಬಂದು ಮಹಮೂದ್ ಗವಾನನ ಸೇವೆಗೆ ಸೇರಿದ ಆ ಹುಡುಗನೇ ಮುಂದೆ ವಿಜಾಪುರದ ಯೂಸುಫ್ ಆದಿಲಶಾಹ.

ಕಾಲೇಜಿನಲ್ಲಿ ನಾನು ಹೇಳುತ್ತಿದ್ದುದು ಕನ್ನಡ. ಐಚ್ಛಿಕ ತರಗತಿಯಲ್ಲಿ ನಾಡಿನ ಚರಿತ್ರೆಯ ಪಾಠ ಬಂದಾಗ ಈ ಕಥೆಯನ್ನು ಹೇಳಿ, “ಇದು ಬರಿಯ ಮುಖಸ್ತುತಿ. ಧಣಿಯ ವಂಶಕ್ಕೆ ಕಿರೀಟವಿಡುವುದು ಆಸ್ಥಾನಿಕರ ಚಾಳಿ” ಎಂದು ನಗುತ್ತ ಮುಗಿಸುತ್ತಿದ್ದೆ. ಹೇಳಲು ಆಧಾರಗಳೂ ಇದ್ದವು. ಅದೇ ಆಸ್ಥಾನದಲ್ಲಿ, ಅದೇ ಕಾಲದಲ್ಲಿ ಬರೆದ ರಫಿಉದ್ದೀನ್ ಶಿರಾಜಿ ಯೂಸುಫನನ್ನು ಸಾವಾದ ಮಹಮೂದ್ ಬೇಗನ ಮಗನೆನ್ನುತ್ತಾನೆ. ತುರ್ಕಿಯ ಸಿಂಹಾಸನದ ಮಾತೇ ಅಲ್ಲಿಲ್ಲ. ಪೋರ್ತುಗೀಜರು ಅವನನ್ನು ‘ಸಬಾಯೊ’ ಎಂದದ್ದು ಸಾವಾದ ಹೆಸರಿನಿಂದಲೇ. ೧೪೫೧ರಲ್ಲಿ ಹೊಸ ಸುಲ್ತಾನ ತನ್ನ ಎಳೆಗೂಸು ತಮ್ಮನನ್ನು ಕೊಲ್ಲಿಸಿದ್ದು ನಿಜ. ಆದರೆ ಆ ಕೂಸಿನ ಹೆಸರು ಅಹಮದ್. ಇತಿಹಾಸಕಾರರು ಫೆರಿಸ್ತಾನ ವೃತ್ತಾಂತವನ್ನು ಐತಿಹ್ಯವೆಂದೇ ಎಣಿಸುತ್ತಾರೆ.

ಎರಡು ಸಾವಿರದ ಇಸವಿಯ ಆಸುಪಾಸಿನ ಒಂದು ವರ್ಷ. ಆಲಮಟ್ಟಿಯ ಹಿನ್ನೀರು ಏರುತ್ತಿದ್ದ ದಿನಗಳು. ಕೃಷ್ಣೆಯ ದಡದ ಊರುಗಳ ಹುಡುಗರು ನನ್ನ ತರಗತಿಯಲ್ಲಿ ಅನೇಕರಿದ್ದರು. ಹಾಜರಿ ಪುಸ್ತಕದಲ್ಲಿ ಬರೆದ ಊರು ನೀರಿನಲ್ಲಿ, ಹುಡುಗ ಪುನರ್ವಸತಿ ಕೇಂದ್ರದ ತಗಡಿನ ಮನೆಯಲ್ಲಿ. ಅಂದು ಎಂದಿನಂತೆ ನಗುತ್ತ ಪಾಠ ಮುಗಿಸಿದಾಗ ಹಿಂದಿನ ಬಾಕಿನಿಂದ ಒಬ್ಬ ಎದ್ದು ನಿಂತ. ಹೆಚ್ಚು ಮಾತನಾಡದ ಹುಡುಗ. “ಸರ, ಅಂವಾ ಬರದದ್ದು ಯೂಸುಫನ ಕಥಿನೋ, ತಂದೋ?” ಎಂದು ಕೇಳಿದ. ತರಗತಿಯಲ್ಲಿ ಯಾರೋ ನಕ್ಕರು. ನನಗೆ ಉತ್ತರ ತಿಳಿಯಲಿಲ್ಲ. “ನಾಳೆ ನೋಡೋಣ” ಎಂದೆ. ಆ ನಾಳೆಯನ್ನು ನಾನು ನಿವೃತ್ತಿಯವರೆಗೂ ಮುಂದಕ್ಕೆ ಹಾಕಿದೆ.

ನಿವೃತ್ತನಾಗಿ ಊರಿಗೆ ಬಂದ ಮೇಲೆ ಬ್ರಿಗ್ಸನ ಸಂಪುಟಗಳನ್ನು ಮೊದಲಿನಿಂದ ಓದಿದೆ. ಎರಡು ಬದುಕುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಹುಡುಗನ ಪ್ರಶ್ನೆಯ ಆಳ ತಿಳಿಯುತ್ತದೆ. ಅರಮನೆಯಲ್ಲಿ ರಕ್ತಸಂಬಂಧಿಯ ಕೈಯಿಂದ ಕೊಲೆ. ಕೊನೆಯ ಗಳಿಗೆಯಲ್ಲಿ ಪ್ರೀತಿಯುಳ್ಳವರೊಬ್ಬರಿಂದ ಉಳಿದ ಜೀವ. ಬೆಳೆದ ಊರು ಎರವಾಗಿ ಇನ್ನೊಂದು ನಾಡಿಗೆ ಪಯಣ. ಅಲ್ಲಿ ಹಿರಿಯನೊಬ್ಬನ ಆಶ್ರಯ. ಯೂಸುಫನ ಕಥೆಯ ಮಜಲುಗಳೂ ಫೆರಿಸ್ತಾನ ಬಾಳಿನ ಮಜಲುಗಳೂ ಒಂದೇ ದಾರಿಯವು. ಈ ಕಥೆಯನ್ನು ಅವನೇ ಹೆಣೆದನೆಂದು ನಾನು ಹೇಳಲಾರೆ. ಆದರೆ ತನಗೆ ದೊರೆತ ಐತಿಹ್ಯಗಳಲ್ಲಿ ಇದನ್ನು ಆರಿಸಿ, ಇಷ್ಟು ವಿವರವಾಗಿ, ಇಷ್ಟು ಅಕ್ಕರೆಯಿಂದ ಬರೆದವನು ಅವನೇ. ಕಿರೀಟವಿಡುವುದಷ್ಟೇ ಉದ್ದೇಶವಾಗಿದ್ದರೆ ರಾಜವಂಶದ ಹೆಸರು ಹೇಳಿ ಮುಗಿಸಬಹುದಿತ್ತು. ತಾಯಿ ಬೇಡಿದ ಒಂದು ದಿನದ ಅವಧಿಯನ್ನು ಅಷ್ಟು ಸಾವಕಾಶವಾಗಿ ಹೇಳಬೇಕಾದ ಅಗತ್ಯ ಹೊಗಳುಭಟನಿಗಿರಲಿಲ್ಲ.

ಈ ಕಥೆಯನ್ನು ಓದಿದ ವಿಜಾಪುರದವನಿಗೆ ಏನು ತಿಳಿಯುತ್ತಿತ್ತು? ಈ ಕೋಟೆ, ಈ ಸಿಂಹಾಸನ, ಈ ರಾಜ್ಯ ಇವೆಲ್ಲ ದಾಭೋಳದಲ್ಲಿ ಬರಿಗೈಯಲ್ಲಿ ಇಳಿದ ಒಬ್ಬ ಪರದೇಶಿ ಹುಡುಗನಿಂದ ಆರಂಭವಾದವು ಎಂದು. ಹಾಗಾದ ಮೇಲೆ ಪರದೇಶಿಯನ್ನು ಹೊರಗಿನವನೆನ್ನುವುದು ಹೇಗೆ? ಅಹಮದನಗರದ ಬೀದಿಗಳಲ್ಲಿ ಕೇಳಿದ ಕೂಗಿಗೆ ಇದು ಒಬ್ಬ ನಿರಾಶ್ರಿತನು ಬರೆದ ಉತ್ತರವೆಂದು ಈಗ ನನಗೆ ತೋರುತ್ತದೆ. ನನ್ನ ನಗು ಅವಸರದ್ದಾಗಿತ್ತು.

ಹೀಗೆಂದ ಮಾತ್ರಕ್ಕೆ ಅವನ ಕುಂದುಗಳನ್ನು ಮುಚ್ಚಬೇಕಾಗಿಲ್ಲ. ಯುದ್ಧಗಳ ಸಂಖ್ಯೆಗಳನ್ನು ಉಬ್ಬಿಸುತ್ತಾನೆ. ವಿಜಯನಗರದ ವಿಷಯದಲ್ಲಿ ಪಕ್ಷಪಾತಿ. ಕನ್ನಡದ ಮೇಷ್ಟರಾದ ನನಗೆ ಇನ್ನೊಂದು ನೋವಿದೆ. ಬಸವಣ್ಣನ ಬಾಗೇವಾಡಿ ವಿಜಾಪುರದಿಂದ ಒಂದು ಹಗಲಿನ ಕುದುರೆ ದಾರಿ. ಈ ಊರಿನಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬಾಳಿದವನ ಗ್ರಂಥದ ಸಂತರ ಭಾಗದಲ್ಲಿ ಶರಣರಿಗೆ ಜಾಗವಿಲ್ಲ. ಆಸ್ಥಾನ ಅವನಿಗೆ ತೆರೆದುಕೊಂಡಿತು, ಹೊಲಗೇರಿ ಒಕ್ಕಲಗೇರಿಗಳು ತೆರೆದುಕೊಳ್ಳಲಿಲ್ಲ. ಜೋಳದ ಹೊಲದಲ್ಲಿ ಹಾಡಿದ ಕನ್ನಡ ಅವನ ಕಿವಿಗೆ ಬಿದ್ದಿರಬೇಕು, ಲೇಖನಿಗೆ ಬರಲಿಲ್ಲ. ಬಂದವನಿಗೆ ನಾವು ಯಾವ ಬಾಗಿಲು ತೆರೆಯುತ್ತೇವೋ ಅಷ್ಟೇ ಮನೆಯನ್ನು ಅವನು ಕಾಣುತ್ತಾನೆ.

ಅವನ ಬಾಳಿನ ಇನ್ನೊಂದು ಪ್ರಸಂಗ ಹೇಳಿ ಮುಗಿಸುತ್ತೇನೆ. ೧೬೦೪ರಲ್ಲಿ ಇಬ್ರಾಹಿಮನು ತನ್ನ ಮಗಳನ್ನು ಅಕಬರನ ಮಗ ದಾನಿಯಾಲನಿಗೆ ಕೊಟ್ಟ. ವಧುವಿನ ಪಲ್ಲಕ್ಕಿಯ ಜೊತೆ ಕಳಿಸಿದವರಲ್ಲಿ ಫೆರಿಸ್ತಾ ಒಬ್ಬ. ಗೋದಾವರಿಯ ದಡದ ಪೈಠಣದಲ್ಲಿ ಮದುವೆ ನಡೆಯಿತು. ಅದು ಹಿಂದೆ ನಿಜಾಮಶಾಹಿಗೆ ಸೇರಿದ್ದ ಸೀಮೆ. ಅಹಮದನಗರದ ಕೋಟೆ ೧೬೦೦ರಲ್ಲೇ ಮೊಗಲರ ವಶವಾಗಿತ್ತು. ಹದಿನೈದು ವರ್ಷಗಳ ಕೆಳಗೆ ತಲೆ ಉಳಿಸಿಕೊಂಡು ಯಾವ ರಾಜ್ಯದಿಂದ ಓಡಿದ್ದನೋ ಆ ಸೀಮೆಗೆ, ವಿಜಾಪುರದ ಹೆಣ್ಣುಮಗಳನ್ನು ಒಪ್ಪಿಸುವ ಹಿರಿಯರಲ್ಲಿ ಒಬ್ಬನಾಗಿ ಅವನು ಹೋದ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಜೊತೆಗೆ ಯಾರನ್ನು ಕಳಿಸುತ್ತಾರೆಂಬುದು ನಮ್ಮ ಹೆಂಗಸರಿಗೆ ಗೊತ್ತು. ಹೊರಗಿನವರನ್ನು ಕಳಿಸುವುದಿಲ್ಲ.

ಅವನ ಗ್ರಂಥವನ್ನು ಅಲೆಗ್ಜಾಂಡರ್ ಡೌ ೧೭೬೮ರಲ್ಲಿ ಭಾಗಶಃ ಇಂಗ್ಲಿಷಿಗೆ ತಂದ. ಬ್ರಿಗ್ಸನ ನಾಲ್ಕು ಸಂಪುಟಗಳು ೧೮೨೯ರಲ್ಲಿ ಬಂದವು. ನಾವು ಶಾಲೆಯಲ್ಲಿ ಕಲಿತ ಚರಿತ್ರೆಯ ಎಷ್ಟೋ ಸಂಗತಿಗಳ ಬೇರು ಅಲ್ಲಿದೆ. ವಿಜಾಪುರಕ್ಕೆ ಹೋದವರು ಮಲಿಕ್-ಎ-ಮೈದಾನ ತೋಪನ್ನು ಮುಟ್ಟಿ ನೋಡದೆ ಬರುವುದಿಲ್ಲ. ಅದನ್ನು ಎರಕ ಹೊಯ್ದದ್ದು ೧೫೪೯ರಲ್ಲಿ, ಅಹಮದನಗರದಲ್ಲಿ. ಪರಾಂಡೆಯ ಕೋಟೆಯಿಂದ ೧೬೩೨ರಲ್ಲಿ ಇಲ್ಲಿಗೆ ತಂದರು. ಅಹಮದನಗರದಿಂದ ಬಂದ ತೋಪು ಎಲ್ಲರಿಗೂ ಗೊತ್ತು. ಅಲ್ಲಿಂದಲೇ ಬಂದ ಲೇಖಕನ ಬಗ್ಗೆ ವಿಚಾರಿಸಿದ ಪ್ರವಾಸಿಯನ್ನು ನಾನು ಕಂಡಿಲ್ಲ.

ನಮ್ಮ ಕಾಲದಲ್ಲಿಯೂ ನೆಲ ಬಿಟ್ಟು ಬಂದವರು ಈ ನಾಡಿನಲ್ಲಿದ್ದಾರೆ. ೧೯೬೬ರಲ್ಲಿ ಮುಂಡಗೋಡದ ಕಾಡಂಚಿಗೆ ಬಂದ ಟಿಬೆಟಿಯನ್ನರು ಅಲ್ಲಿ ಗೋವಿನಜೋಳ ಬೆಳೆದರು, ತಮ್ಮ ಡ್ರೆಪುಂಗ್, ಗಾಂದೆನ್ ಮಠಗಳನ್ನು ಮತ್ತೆ ಕಟ್ಟಿಕೊಂಡರು. ದೇಶ ದಾಟದೆಯೇ ಊರು ಕಳೆದುಕೊಂಡವರು ನಮ್ಮ ಕೃಷ್ಣಾ ತೀರದಲ್ಲಿಯೇ ಸಾವಿರಾರು ಮಂದಿ. ಅವರಿಗೆ ನಾವು ನಿವೇಶನ ಕೊಟ್ಟಿದ್ದೇವೆ, ಪರಿಹಾರ ಕೊಟ್ಟಿದ್ದೇವೆ, ಕಡಿಮೆಯಾದರೆ ಜಗಳವಾಡಿಯಾದರೂ ಕೊಡಿಸಿದ್ದೇವೆ. ‘ನೀನು ಬರೆ, ನಮಗೆ ಬೇಕು’ ಎಂದು ಅವರಲ್ಲಿ ಯಾರನ್ನಾದರೂ ಕೇಳಿದ್ದೇವೆಯೇ?

ಆ ಹುಡುಗ ಈಗ ಒಂದು ಹಳ್ಳಿಯಲ್ಲಿ ಶಾಲಾ ಮಾಸ್ತರ. ಕಳೆದ ಬೇಸಗೆಯಲ್ಲಿ ಸಿಕ್ಕಿದ್ದ. ಇಪ್ಪತ್ತು ವರ್ಷ ತಡವಾಗಿ ನನ್ನ ಉತ್ತರ ಹೇಳಿದೆ: “ಎರಡೂ ಹೌದಪಾ, ಯೂಸುಫನದೂ ಹೌದು, ಅವಂದೂ ಹೌದು.” ಅವನಿಗೆ ತಾನು ಕೇಳಿದ್ದೇ ನೆನಪಿರಲಿಲ್ಲ. ಮುಳುಗಿದ ತನ್ನ ಊರಿನ ಬಗ್ಗೆ ಏನಾದರೂ ಬರೆದಿಟ್ಟಿದ್ದೀಯಾ ಎಂದೆ. “ಯಾರ ಓದತಾರ್ರಿ ಸರ?” ಎಂದ. ನಾನು ಓದುತ್ತೇನೆ, ಬರೆದು ತಾ ಎಂದು ಹೇಳಿ ಕಳಿಸಿದ್ದೇನೆ. ಮೊನ್ನೆ ಒಂದು ನೂರು ಪುಟದ ನೋಟುಬುಕ್ಕು ತಂದುಕೊಟ್ಟು ಹೋದ. ಮೊದಲ ಪುಟದಲ್ಲಿ ಊರಿನ ಓಣಿಗಳ ಹೆಸರುಗಳನ್ನು ಒಂದರ ಕೆಳಗೊಂದು ಬರೆದಿದ್ದಾನೆ.

(ಆಕಾಶವಾಣಿಯ ಕೃಪೆಯಿಂದ)